ಎಲ್ಲರ ಬಸಿರಿನ ಯಜಮಾನಿ

ಕಳೆದ ತಿಂಗಳು ತೀರಿಕೊಂಡ ಆ ಹಿರಿಯರಿಗಾಗಿ ಫ್ರೀಮಾಂಟಿನಲ್ಲಿ ಒಂದು ಸಭಾಂಗಣವನ್ನು ಬಾಡಿಗೆಗೆ ಹಿಡಿದು ಶ್ರದ್ಧಾಂಜಲಿ ಸಭೆ ನಡೆಸಿದರು. ಮಾತಾಡಿದವರೆಲ್ಲ ‘ತಾಯಿಯಂತಿದ್ದರು’ ಎಂದರು. ಒಬ್ಬಾಕೆ ‘ಈ ಬೇ ಏರಿಯಾದ ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಅವರ ಮನೆಯೇ ತವರುಮನೆ’ ಎಂದು ಹೇಳಿ ಅತ್ತರು. ಮೈಕು ನನ್ನ ಕಡೆಗೂ ಬಂತು. ಗಂಟಲು ಸರಿಯಿಲ್ಲ ಎಂದು ಸನ್ನೆ ಮಾಡಿ ಪಕ್ಕದವರಿಗೆ ದಾಟಿಸಿದೆ. ಸತ್ತವರ ಬಗ್ಗೆ ಒಳ್ಳೆಯ ಮಾತು ಬರದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಸಿಸ್ಟರುಗಳು ಕಲಿಸಿದ್ದರು. ಬರೆಯಬಾರದು ಎಂದು ಹೇಳಿಕೊಟ್ಟ ನೆನಪಿಲ್ಲ.

ಹೆಸರು ಬೇಡ. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಆಂಟಿ ಎಂದೇ. ಮನೆ ಪ್ಲೆಸೆಂಟನ್ನಿನಲ್ಲಿ. ಶುಕ್ರವಾರ ಸಂಜೆ ಅಲ್ಲಿ ಹೆಂಗಸರ ಭಜನೆ. ಹಾಸನದವರು, ಮಂಡ್ಯದವರು, ಬೆಂಗಳೂರಿನ ಸುತ್ತಮುತ್ತಲಿನವರು, ತಮ್ಮತಮ್ಮಲ್ಲೇ ತುಳುವಿನಲ್ಲಿ ಪಿಸುಗುಟ್ಟುವ ಉಡುಪಿ ಕಡೆಯ ಇಬ್ಬರು. ಗಂಡಂದಿರ ಆಫೀಸು ಬೇರೆ, ಮಕ್ಕಳ ಸ್ಕೂಲು ಬೇರೆ. ನಮ್ಮನ್ನೆಲ್ಲ ಒಂದೇ ಜಮಖಾನೆಯ ಮೇಲೆ ಕೂರಿಸುತ್ತಿದ್ದುದು ಆಂಟಿಯ ಬಿಸಿಬೇಳೆಬಾತು ಮತ್ತು ಆಂಟಿಯ ಭಯ.

ಆಂಟಿ ಯಾರನ್ನು ನೋಡಿದರೂ ಮೊದಲು ನೋಡುತ್ತಿದ್ದುದು ಹೊಟ್ಟೆಯನ್ನು, ಆಮೇಲೆ ಮುಖವನ್ನು. ಬಾಗಿಲು ತೆರೆದ ಕೂಡಲೇ ಅವರ ಕಣ್ಣು ನಮ್ಮ ಸೆರಗಿನ ಕೆಳಗೆ ಒಂದು ಸುತ್ತು ಹೋಗಿ ಬರುತ್ತಿತ್ತು. ಆಮೇಲೆ ‘ಬಾಮ್ಮ, ಬಾ’. ನಮ್ಮ ಗುಂಪಿನಲ್ಲಿ ಯಾರೇ ಬಸಿರಾದರೂ ಮೊದಲ ಸುದ್ದಿ ತಮಗೆ ಬರಬೇಕು ಎಂಬುದು ಅವರು ತಾವೇ ಹೊರಡಿಸಿಕೊಂಡ ಕಾನೂನು. ಯಾರಾದರೂ ಬಾಯಿಬಿಡದಿದ್ದರೆ ಕಂಡುಹಿಡಿಯಲು ಅವರದೊಂದು ಉಪಾಯವಿತ್ತು. ಭಜನೆ ಮುಗಿದ ಮೇಲೆ ಹಣ್ಣಿನ ತಟ್ಟೆ ಬರುತ್ತಿತ್ತು. ಅದರಲ್ಲಿ ತಪ್ಪದೆ ಪರಂಗಿ ಹಣ್ಣು. ಆಂಟಿ ತಾವೇ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿದ್ದರು. ಬಸಿರಿಯರು ಪರಂಗಿ ತಿನ್ನಬಾರದೆಂಬುದು ನಮ್ಮ ಕಡೆಯ ನಂಬಿಕೆ. ಯಾರು ಪರಂಗಿ ಬಿಟ್ಟು ದ್ರಾಕ್ಷಿ ಎತ್ತಿಕೊಂಡರೋ ಅವರ ಮನೆಗೆ ಮರುದಿನ ಬೆಳಿಗ್ಗೆಯೇ ಫೋನು. “ಎಷ್ಟು ತಿಂಗಳು? ನನ್ನ ಹತ್ರ ಮುಚ್ಚಿಡ್ತೀಯಾ? ನಾನು ಕಂಡಿಲ್ವಾ?”

‘ನಾನು ಕಂಡಿಲ್ವಾ’ ಅವರ ಮಾತಿನ ಒಗ್ಗರಣೆ. ಏನು ಹೇಳಿದರೂ ಕೊನೆಗೆ ಅದು ಚಟ್ ಎನ್ನುತ್ತಿತ್ತು. ಅವರು ಕಂಡದ್ದು ಏನನ್ನು ಎಂದು ಕೇಳಿದವರನ್ನು ನಾನು ಕಾಣೆ. ಹೆತ್ತದ್ದು ಒಬ್ಬ ಮಗನನ್ನು. ಆ ಮಗ ಸಂಸಾರದೊಡನೆ ಕ್ಯುಪರ್ಟಿನೋದಲ್ಲಿದ್ದ. ಅವನ ಹೆಂಡತಿ ಎರಡು ಹೆರಿಗೆಯಲ್ಲೂ ಅತ್ತೆಯನ್ನು ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ಮೊಮ್ಮಕ್ಕಳನ್ನು ನೋಡಬೇಕಾದರೆ ಆಂಟಿ ಮೊದಲು ಮೆಸೇಜು ಹಾಕಿ ಕೇಳಬೇಕು ಎಂದು ಉಡುಪಿಯ ಒಬ್ಬಾಕೆ ನನಗೆ ಹೇಳಿದ್ದರು. ಊರ ಹೆಣ್ಣುಮಕ್ಕಳ ಬಸಿರನ್ನೆಲ್ಲ ಅವರು ಮೈಮೇಲೆ ಹಾಕಿಕೊಳ್ಳುತ್ತಿದ್ದುದಕ್ಕೆ ಇದೇ ಕಾರಣವಿರಬಹುದು. ಕಾರಣ ಗೊತ್ತಾದ ಮಾತ್ರಕ್ಕೆ ಮನುಷ್ಯರು ಒಳ್ಳೆಯವರಾಗಿ ಕಾಣಬೇಕೆಂದೇನೂ ಇಲ್ಲ. ನನಗಂತೂ ಕಾಣಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾದೀತು. ಬಾಣಂತಿಯರಿಗೆ ಅವರು ಕಳಿಸುತ್ತಿದ್ದ ಮೆಣಸಿನ ಸಾರು, ಅಂಟಿನುಂಡೆ ಬಹಳ ರುಚಿ. ಆದರೆ ಸಾರು ತಂದ ಸ್ಟೀಲ್ ಡಬ್ಬಿಯ ತಳದಲ್ಲಿ ಅವರ ಹೆಸರು ಕೊರೆದಿರುತ್ತಿತ್ತು, ಸಾರಿನ ಸುದ್ದಿ ಆ ಶುಕ್ರವಾರದೊಳಗೆ ಟ್ರೈವ್ಯಾಲಿ ಎನ್ನುವ ಸುತ್ತಲಿನ ಊರುಗಳ ಎಲ್ಲ ಅಡುಗೆಮನೆಗಳಿಗೂ ತಲುಪಿರುತ್ತಿತ್ತು.

ನನ್ನನ್ನು ಅವರು ಮೊದಲ ಸಲ ನೋಡಿದಾಗ, ಹೊಟ್ಟೆಯಲ್ಲಿ ಏನೂ ಕಾಣದೆ ಕಣ್ಣು ತೋಳಿಗೆ ಏರಿತು. ನನ್ನ ಎಡತೋಳಿನಲ್ಲಿ ಸೆನ್ಸರ್ ಇರುತ್ತದೆ; ಕೋಟಿನ ಗುಂಡಿಯಷ್ಟು ಅಗಲ, ರಕ್ತದ ಸಕ್ಕರೆಯನ್ನು ಹಗಲೂ ರಾತ್ರಿ ಅಳೆಯುತ್ತದೆ. ಸೊಂಟದಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಪಂಪು, ಅದರ ಸಣ್ಣ ಕೊಳವೆಯಿಂದ ಇನ್ಸುಲಿನ್ ಹೊಟ್ಟೆಯ ಚರ್ಮದೊಳಗೆ ಹೋಗುತ್ತಿರುತ್ತದೆ. ಏಳನೆಯ ಕ್ಲಾಸಿನಲ್ಲಿದ್ದಾಗ ನನಗೆ ಟೈಪ್ ಒನ್ ಡಯಾಬಿಟಿಸ್ ಬಂತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ನನ್ನ ಇನ್ಸುಲಿನ್ನನ್ನು ತಮ್ಮ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟುಕೊಂಡಿದ್ದರು, ಹೊತ್ತಿಗೆ ಸರಿಯಾಗಿ ಕರೆದು ಕೊಡುತ್ತಿದ್ದರು, ಒಂದು ದಿನವೂ ಅಯ್ಯೋ ಎನ್ನಲಿಲ್ಲ. ಹಾಗಾಗಿ ಅಯ್ಯೋ ಎನಿಸಿಕೊಳ್ಳುವುದು ನನಗೆ ಈಗಲೂ ಅಭ್ಯಾಸವಿಲ್ಲ.

“ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ ಶುಗರ್ರಾ?” ಎಂದರು ಆಂಟಿ. ಶುಗರ್ ಎಂಬ ಪದವನ್ನು ಅವರು ಹೇಳುತ್ತಿದ್ದುದು ದನಿ ತಗ್ಗಿಸಿ, ಮನೆಯಲ್ಲಿ ಆಡಬಾರದ ಮಾತನ್ನು ಆಡುವ ಹಾಗೆ. “ಸ್ವೀಟು ಜಾಸ್ತಿ ತಿಂತಿದ್ಯಾ?”

ಸಿಹಿ ತಿಂದು ಬರುವ ಕಾಯಿಲೆ ಇದಲ್ಲ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನನ್ನ ಮೈ ತಾನೇ ನಾಶಮಾಡಿಕೊಂಡಿದೆ, ಹಾಗಾಗಿ ಹೊರಗಿನಿಂದ ಕೊಡಬೇಕು, ಲೆಕ್ಕ ಹಾಕಿ ಇನ್ಸುಲಿನ್ ತೆಗೆದುಕೊಂಡರೆ ಎಲ್ಲರಂತೆ ಹೋಳಿಗೆಯನ್ನೂ ತಿನ್ನಬಹುದು ಎಂದು ನಿಧಾನವಾಗಿ ವಿವರಿಸಿದೆ. ಆಂಟಿ ತಲೆದೂಗುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, “ಪಾಪ, ಚಿಕ್ಕಂದಿನಲ್ಲಿ ಸ್ವೀಟು ಜಾಸ್ತಿ ಕೊಟ್ಟುಬಿಟ್ಟಿದಾರೆ” ಎಂದರು.

ಅಂದಿನಿಂದ ನನ್ನ ತಟ್ಟೆಗೆ ಅವರೇ ಕಾವಲು. ಎಲ್ಲರಿಗೂ ಕೇಸರಿಬಾತು, ನನಗೆ ಸೌತೆಕಾಯಿ. ನನಗೆಂದೇ ‘ಶುಗರ್ ಫ್ರೀ’ ಬಿಸ್ಕತ್ತಿನ ಪೊಟ್ಟಣ ತಂದಿಟ್ಟು, ಎಷ್ಟು ಬೇಕಾದರೂ ತಿನ್ನು ಎನ್ನುತ್ತಿದ್ದರು. ಅದರ ಮೈದಾ ಹಿಟ್ಟು ಹೊಟ್ಟೆಯೊಳಗೆ ಹೋಗಿ ಸಕ್ಕರೆಯೇ ಆಗುತ್ತದೆ ಎಂದರೆ, ‘ಪ್ಯಾಕೆಟ್ಟಿನ ಮೇಲೆ ಬರೆದಿದೆಯಲ್ಲ’ ಎನ್ನುತ್ತಿದ್ದರು. ಹಾಗಲಕಾಯಿಯ ರಸವನ್ನು ಬಾಟಲಿಯಲ್ಲಿ ತುಂಬಿ ನಮ್ಮ ಬಾಗಿಲಿಗೆ ತಂದುಕೊಟ್ಟರು. ಇನ್ಸುಲಿನ್ ಚುಚ್ಚಿಕೊಳ್ಳುತ್ತಾ ಹೋದರೆ ಮೈಗೆ ಅದೇ ಚಟವಾಗಿಬಿಡುತ್ತದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡುತ್ತಾ ಬಾ ಎಂದು ಸಲಹೆ ಕೊಟ್ಟರು. ನಾನು ಇನ್ಸುಲಿನ್ ಬಿಟ್ಟರೆ ವಾರವೂ ಉಳಿಯುವುದಿಲ್ಲ. ಥ್ಯಾಂಕ್ಯೂ ಆಂಟಿ ಎಂದು ಬಾಟಲಿ ಒಳಗಿಟ್ಟುಕೊಂಡೆ. ಕಾನ್ವೆಂಟಿನ ಹುಡುಗಿಯರಿಗೆ ಥ್ಯಾಂಕ್ಯೂ ಎನ್ನುವುದು ಕೆಮ್ಮಿನ ಹಾಗೆ, ತಾನಾಗಿ ಬಂದುಬಿಡುತ್ತದೆ.

ಇದೆಲ್ಲ ನಡೆದದ್ದು ನಾನೂ ನನ್ನ ಗಂಡನೂ ಮಗು ಬೇಕು ಎಂದು ತೀರ್ಮಾನಿಸಿದ ವರ್ಷ. ಬೇರೆಯವರಿಗೆ ಬಸಿರು ಒಂದು ಸುದ್ದಿ. ನನ್ನಂಥವರಿಗೆ ಅದು ಬಹಳ ಮೊದಲೇ ಶುರುವಾಗುವ ಕೆಲಸ. ಓಕ್‌ಲ್ಯಾಂಡಿನಲ್ಲಿ ನಾನು ತೋರಿಸಿಕೊಳ್ಳುತ್ತಿದ್ದ ಡಾಕ್ಟರು, ಬಿಳಿಕೂದಲಿನ ಮಿತಭಾಷಿ ಹೆಂಗಸು, ಚಿತ್ರ ಬರೆದು ತೋರಿಸಿದ್ದರು: ತಾಯಿಗೆ ತಾನು ಬಸಿರಿ ಎಂದು ಗೊತ್ತಾಗುವ ಹೊತ್ತಿಗೆ ಮಗುವಿನ ಹೃದಯ, ಬೆನ್ನುಹುರಿ ಆಗಲೇ ರೂಪ ಪಡೆಯುತ್ತಿರುತ್ತವೆ, ಆ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅಪಾಯ. ಆದ್ದರಿಂದ ಮೊದಲು ಸಕ್ಕರೆ, ಆಮೇಲೆ ಮಗು. ತಿಂಗಳುಗಟ್ಟಲೆ ಸಕ್ಕರೆ ಹೇಗಿತ್ತು ಎಂದು ಹೇಳುವ ಒಂದು ರಕ್ತಪರೀಕ್ಷೆ ಇದೆ. ಅದರ ಅಂಕಿ ಆರೂವರೆಗಿಂತ ಕೆಳಗೆ ಇಳಿದ ಮೇಲೆ ನಾನು ಹೂಂ ಎನ್ನುತ್ತೇನೆ, ಅಲ್ಲಿಯವರೆಗೆ ಕಾಯಿರಿ ಎಂದಿದ್ದರು. ನನ್ನದು ಏಳರ ಮೇಲೆ ಗೂಟ ಹೊಡೆದುಕೊಂಡು ಕೂತಿತ್ತು.

ಕಣ್ಣಿನ ಪರದೆ ನೋಡಿಸಿದೆವು, ಮೂತ್ರಪಿಂಡ ಪರೀಕ್ಷೆ ಮಾಡಿಸಿದೆವು, ಬಸಿರಿಗೆ ಆಗದ ಒಂದು ಮಾತ್ರೆಯನ್ನು ಬದಲಾಯಿಸಿಕೊಂಡೆ, ಫೋಲಿಕ್ ಆಸಿಡ್ ಶುರುಮಾಡಿದೆ. ಅಡುಗೆಮನೆಯಲ್ಲಿ ತಕ್ಕಡಿ ಬಂತು. ಅನ್ನ, ಚಪಾತಿ, ಬಾಳೆಹಣ್ಣು ಎಲ್ಲ ತೂಗಿ ತಿನ್ನುವುದು. ಊಟಕ್ಕೆ ಕಾಲುಗಂಟೆ ಮುಂಚೆಯೇ ಇನ್ಸುಲಿನ್ ಹಾಕಿಕೊಂಡರೆ ಊಟದ ಸಕ್ಕರೆ ಏರುವ ಹೊತ್ತಿಗೆ ಅದು ಕೆಲಸ ಶುರುಮಾಡಿರುತ್ತದೆ; ಅದನ್ನೂ ಅಭ್ಯಾಸ ಮಾಡಿಕೊಂಡೆ. ಹೀಗೆ ಬಿಗಿ ಹಿಡಿದರೆ ಇನ್ನೊಂದು ಕಷ್ಟ. ಸಕ್ಕರೆ ಕೆಲವೊಮ್ಮೆ ಅಳತೆ ಮೀರಿ ಕೆಳಗಿಳಿದುಬಿಡುತ್ತದೆ. ಆಗ ಕೈ ನಡುಗುತ್ತದೆ, ಬೆವರು, ಮಾತು ತೊದಲುತ್ತದೆ, ಬೇಗ ಏನಾದರೂ ಸಿಹಿ ತಿನ್ನದಿದ್ದರೆ ಎಚ್ಚರ ತಪ್ಪಬಹುದು. ಅದಕ್ಕೇ ನನ್ನ ಕೈಚೀಲದಲ್ಲಿ ಸದಾ ಗ್ಲೂಕೋಸ್ ಮಾತ್ರೆ. ಹೊಸದಾಗಿ ಬಿಗಿ ಮಾಡಿದ ಮೇಲೆ ಅಂಕಿ ನಿಧಾನಕ್ಕೆ ಇಳಿಯತೊಡಗಿತ್ತು. ಮುಂದಿನ ಪರೀಕ್ಷೆಯಲ್ಲಿ ಆಗಬಹುದು ಎಂದು ಡಾಕ್ಟರು ಹೇಳಿದ್ದರು.

ಆಂಟಿಗೆ ಇದರ ವಾಸನೆ ಹತ್ತಿತು. ಒಂದು ಶುಕ್ರವಾರ ಎಲ್ಲರ ಎದುರಿಗೆ, “ನಿಮ್ಮ ಡಾಕ್ಟರು ಅಂಕಿ ನೋಡ್ಕೊಂಡು ಕೂತಿರ್ಲಿ. ನಾನು ಸಂತಾನಗೋಪಾಲನ ಪೂಜೆ ಇಟ್ಕೋತೀನಿ, ನೀನು ಬಂದು ಮಣೆ ಮೇಲೆ ಕೂತ್ಕೋ, ಅಷ್ಟೇ” ಎಂದು ಘೋಷಿಸಿದರು. ಎಲ್ಲರೂ ನನ್ನ ಕಡೆ ನೋಡಿ ಕನಿಕರದಿಂದ ನಕ್ಕರು. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಗಂಡನೂ ಹೋಗಿಬರೋಣ ಬಿಡು, ಅವರಿಗೂ ಸಮಾಧಾನ ಎಂದ.

ಆ ಭಾನುವಾರ ನಾವು ಹೋದಾಗ ಆಂಟಿ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದರು. ನನ್ನ ಕೈಚೀಲವನ್ನು ನೋಡಿದ್ದೇ, ಅದು ಚರ್ಮದ್ದು, ಮಡಿಗೆ ಆಗದು ಎಂದು ಕಸಿದುಕೊಂಡು ಗರಾಜಿನಲ್ಲಿ ಚಪ್ಪಲಿಗಳ ಮೇಲಿನ ಕಪಾಟಿಗೆ ಸಾಗಿಸಿದರು. ಅದರೊಳಗೆ ನನ್ನ ಮಾತ್ರೆ ಇದೆ ಎಂದೆ. ಮಾತ್ರೆ ಎಲ್ಲಿಗೂ ಓಡಿಹೋಗೋಲ್ಲ ಎಂದರು. ಗಂಡಸರೆಲ್ಲ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಮನೆಗಳ ಬೆಲೆಯ ಬಗ್ಗೆ ಮಾತಾಡುತ್ತಿದ್ದರು; ನನ್ನ ಗಂಡನನ್ನೂ ಅಲ್ಲಿಗೆ ಕಳಿಸಿದರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು ತುಂಬಿ, ಮಂಗಳಾರತಿ ಆಗುವವರೆಗೆ ಏಳಬಾರದು ಎಂದು ಕಟ್ಟುಮಾಡಿದರು.

ಪೂಜೆ ಚೆನ್ನಾಗಿಯೇ ನಡೆಯಿತು. ಆಂಟಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಐಪ್ಯಾಡಿನಲ್ಲಿ ಮಂತ್ರ ಓದಿದರು. ಪುಟ ಸರಿಸುವಾಗ ಬೆರಳಿನ ಅರಿಶಿನ ಗಾಜಿಗೆ ಮೆತ್ತಿ ಸಾಲುಗಳು ಮುಚ್ಚಿಹೋಗುತ್ತಿದ್ದವು, ಅಂಥ ಕಡೆ ಅವರು ಗುನುಗಿ ದಾಟಿಬಿಡುತ್ತಿದ್ದರು. ಅಡುಗೆಮನೆಯಿಂದ ಹೋಳಿಗೆಯ ಪರಿಮಳ. ಅವತ್ತು ಪೂಜೆ ನನ್ನದೇ ಆದ್ದರಿಂದ ನನಗೂ ಹೋಳಿಗೆ ಉಂಟೆಂದು ಮೊದಲೇ ಅಪ್ಪಣೆಯಾಗಿತ್ತು. ಕಡೆಗೆ ಆಂಟಿ ಆರತಿ ತಟ್ಟೆಗೆ ಬತ್ತಿ ಹಾಕುತ್ತಾ, “ಆಯ್ತು ಅಂದ್ಕೋ. ಮಂಗಳಾರತಿ, ನೈವೇದ್ಯ, ಊಟ” ಎಂದರು. ಒಳಗೆ ಎಲೆ ಹಾಕುವ ಸದ್ದೂ ಕೇಳಿಸಿತು. ನಾನು ಸೆರಗಿನ ಮರೆಯಲ್ಲಿ ಪಂಪಿನ ಗುಂಡಿ ಒತ್ತಿ ಎರಡು ಹೋಳಿಗೆ, ಅನ್ನ, ಪಾಯಸಕ್ಕೆ ಸರಿಯಾಗುವಷ್ಟು ಇನ್ಸುಲಿನ್ ಹಾಕಿಕೊಂಡೆ.

“ಪೂಜೇಲೂ ಫೋನಾ?” ಎಂದರು ಆಂಟಿ.

ಅಷ್ಟರಲ್ಲಿ ಅವರದೇ ಫೋನು ರಿಂಗಾಯಿತು. ದೊಡ್ಡ ಕಂಪನಿಯೊಂದರ ವೈಸ್ ಪ್ರೆಸಿಡೆಂಟರ ಹೆಂಡತಿ. ಮೊದಲ ಸಲ ಆಂಟಿಯ ಮನೆಗೆ ಬರುತ್ತಿದ್ದವರು ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದಾರೆ. ಆಂಟಿಯ ದನಿ ತಟ್ಟನೆ ಜೇನಾಯಿತು. ನಿಧಾನವಾಗಿ ಬನ್ನಿ ಮೇಡಂ, ನೀವು ಬರದೆ ಮಂಗಳಾರತಿ ಎತ್ತುವುದುಂಟೇ ಎಂದರು. ಕರ್ಪೂರವನ್ನು ಡಬ್ಬಿಗೆ ವಾಪಸು ಹಾಕಿದರು. ಗೋಪಾಲ ತೊಟ್ಟಿಲಲ್ಲಿ ಕಾದ. ನಾವೂ ಕಾದೆವು. ಹೊತ್ತು ಕಳೆಯಲು ಇನ್ನೊಂದು ದೇವರನಾಮ, ಮತ್ತೊಂದು ದೇವರನಾಮ.

ಮೊದಲು ತುಟಿಯ ಸುತ್ತ ಜುಮುಜುಮು ಎಂದಿತು. ಆಮೇಲೆ ರವಿಕೆಯ ಬೆನ್ನು ಒದ್ದೆಯಾಯಿತು. ಸೊಂಟದ ಪಂಪು ಕಿರುಗುಟ್ಟಿತು. ಸಕ್ಕರೆ ಇಳಿಯುತ್ತಿದೆ ಎಂದು ಗೊತ್ತಾದಾಗ ಅದು ತಾನಾಗಿ ನಿಂತುಬಿಡುತ್ತದೆ. ಆದರೆ ಒಳಗೆ ಹೋದ ಇನ್ಸುಲಿನ್ನನ್ನು ಹೊರಗೆ ಎಳೆಯುವ ಯಂತ್ರ ಇನ್ನೂ ಬಂದಿಲ್ಲ. ಆ ಕಿರುಗುಟ್ಟುವ ಸದ್ದನ್ನು ನಿಲ್ಲಿಸು ಎಂದು ಆಂಟಿ ಹುಬ್ಬಿನಲ್ಲೇ ಹೇಳಿದರು.

“ಆಂಟಿ, ನನಗೆ ಶುಗರ್ ಇಳೀತಾ ಇದೆ. ಸ್ವಲ್ಪ ಜ್ಯೂಸ್ ಕೊಡಿ.”

ಆಂಟಿ ನಕ್ಕರು. “ಇಳೀಲಿ ಬಿಡು. ಒಳ್ಳೇದೇ ಅಲ್ವಾ? ಅದಕ್ಕೇ ಅಲ್ವಾ ಒಂದು ವರ್ಷದಿಂದ ಒದ್ದಾಡ್ತಿರೋದು?” ಎಂದು ಸುತ್ತ ಕೂತವರ ಕಡೆ ನೋಡಿದರು. “ನೋಡಿ, ಮಣೆ ಮೇಲೆ ಕೂತಿದ್ದಕ್ಕೇ ಇಳೀತು.”

ಹೆಂಗಸರು ಕೈಮುಗಿದರು. ನಿಜವಾಗಿ. ಇಬ್ಬರು ಕಣ್ಣು ಮುಚ್ಚಿ ಕೈಮುಗಿದರು. ಇಳಿಯಬೇಕಾದ್ದು ತಿಂಗಳುಗಳ ಸರಾಸರಿ, ಈಗ ಇಳಿಯುತ್ತಿರುವುದು ನಾನು ಎಂದು ಹೇಳಬೇಕೆಂದುಕೊಂಡೆ, ನಾಲಗೆ ದಪ್ಪವಾಗಿತ್ತು. ನನ್ನ ಚೀಲ ಎಂದೆ. ಉಡುಪಿಯಾಕೆ ಎದ್ದು ಗರಾಜಿನ ಕಡೆ ಹೊರಟರು. ಆಂಟಿ ಅವರ ಸೆರಗು ಹಿಡಿದು ಕೂರಿಸಿದರು. ನೈವೇದ್ಯಕ್ಕೆ ಮೊದಲು ಬಾಯಿಗೆ ಏನೂ ಹೋಗಬಾರದು, ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಗುತ್ತದೆ. “ಇನ್ನೇನು ಬಂದ್ಬಿಡ್ತಾರೆ ಕಣಮ್ಮ. ತಾಯಿ ಆಗೋಳು ಇಷ್ಟು ತಡ್ಕೊಳ್ದಿದ್ರೆ ಹೇಗೆ?”

ದೀಪದ ಬೆಳಕು ಎರಡಾಗಿ ಕಾಣತೊಡಗಿತು. ತೊಟ್ಟಿಲ ಪಕ್ಕದಲ್ಲಿ ಬೆಳ್ಳಿಯ ಬಟ್ಟಲು, ಅದರ ತುಂಬ ಪಂಚಾಮೃತ: ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಜೇನು, ಸಕ್ಕರೆ ಎಂಬ ಎರಡು ಪದ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು. ನಾನು ಮುಂದಕ್ಕೆ ಬಾಗಿದೆ. ಮಡಿಲಿನ ತೆಂಗಿನಕಾಯಿ ಉರುಳಿ ಹೋಯಿತು, ಅಕ್ಕಿ ಚೆಲ್ಲಿತು. ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ತಳದವರೆಗೆ ಕುಡಿದೆ. ತುಳಸಿ ಎಲೆಯೊಂದು ಗಂಟಲಿಗೆ ಅಂಟಿಕೊಂಡಿತು. ದೇವರನಾಮ ನಿಂತಿತು.

“ದೇವರಿಗಿಟ್ಟಿದ್ದನ್ನ ಎಂಜಲು ಮಾಡಿದಳು” ಎಂದರು ಆಂಟಿ, ನನಗಲ್ಲ, ಕೋಣೆಗೆ. ಅವರ ಮುಖದಲ್ಲಿ ಭಯವಿರಲಿಲ್ಲ. ಅದನ್ನು ನಾನು ಅಷ್ಟು ಮಂಕಿನಲ್ಲೂ ಗಮನಿಸಿದೆ. ಬೆಳ್ಳಿ ಬಟ್ಟಲಿಗೆ ಪೆಟ್ಟಾಯಿತೇ ಎಂದು ತಿರುಗಿಸಿ ನೋಡಿದರು.

ಉಡುಪಿಯಾಕೆ ಈ ಸಲ ಯಾರ ಮಾತನ್ನೂ ಕೇಳದೆ ಓಡಿ ನನ್ನ ಗಂಡನನ್ನು ಕರೆತಂದರು. ಅವನು ಗರಾಜಿಗೆ ಹೋಗಿ ಚೀಲ ತಂದು ಮಾತ್ರೆಗಳನ್ನು ಬಾಯಿಗೆ ಹಾಕಿದ, ಗಲ್ಲಕ್ಕೆ ಮೆತ್ತಿದ ಜೇನು ಒರೆಸಿದ. ನಾನು ಸೋಫಾದಲ್ಲಿ ಒರಗಿ ನಡುಗುತ್ತಿರುವಾಗಲೇ ಡೋರ್‌ಬೆಲ್ಲಾಯಿತು. ವೈಸ್ ಪ್ರೆಸಿಡೆಂಟರ ಹೆಂಡತಿ ಪಾಪ ಕ್ಷಮೆ ಕೇಳುತ್ತಲೇ ಒಳಗೆ ಬಂದರು. ಆಂಟಿ ಮುಗುಳ್ನಗುತ್ತ ಹೊಸದಾಗಿ ಪಂಚಾಮೃತ ಬೆರೆಸಿ, ಬೇರೊಬ್ಬಳನ್ನು ಮಣೆಯ ಮೇಲೆ ಕೂರಿಸಿ, ಮಂಗಳಾರತಿ ಎತ್ತಿದರು. ನಮಗೆ ಹೋಳಿಗೆಯನ್ನು ಕಾಗದದ ತಟ್ಟೆಯಲ್ಲಿ ಕಟ್ಟಿ ಕೊಟ್ಟರು. ಒಂದೇ ಹಾಕಿದ್ದರು.

ಗಂಡ ಕಾರನ್ನು ಫ್ರೀವೇಗೆ ಹತ್ತಿಸಿದ. ಆಮೇಲೆ, ನೇರ ಮುಂದೆ ನೋಡುತ್ತ, “ಬೇಡ ಬಿಡೇ. ಮಗು ಗಿಗು ಏನೂ ಬೇಡ. ನೀನಿದ್ರೆ ಸಾಕು” ಎಂದ. ಆಂಟಿಯ ಯಾವ ಮಾತೂ ನನಗೆ ಅಷ್ಟು ನಾಟಿರಲಿಲ್ಲ. ತೂಗಿದ ಅನ್ನ, ಚುಚ್ಚಿದ ಬೆರಳು, ಇಳಿಯುತ್ತ ಬಂದ ಅಂಕಿ ಎಲ್ಲವೂ ಆ ಒಂದು ಮಾತಿನಲ್ಲಿ ಮುಗಿದುಹೋದಂತೆ ಕಂಡಿತು. ಅವನದು ಪ್ರೀತಿಯೇ, ಪ್ರೀತಿಯ ಜೊತೆ ವಾದ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಆಂಟಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ನಮ್ಮೆಲ್ಲರ ಅತ್ತೆಯಂದಿರ, ಅಮ್ಮಂದಿರ ವಾಟ್ಸಾಪ್ ನಂಬರುಗಳನ್ನು ಅವರು ಹಬ್ಬದ ಶುಭಾಶಯ ಕಳಿಸುವ ನೆಪದಲ್ಲಿ ಕೂಡಿಹಾಕಿಕೊಂಡಿದ್ದರು. ಮಂಡ್ಯದ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅತ್ತೆಗೆ ಫೋನು ಮಾಡಿದರು. ನೈವೇದ್ಯಕ್ಕೆ ಮೊದಲೇ ದೇವರ ಪಂಚಾಮೃತ ಕುಡಿದುಬಿಟ್ಟಳು, ಒಂದು ಪೂಜೆ ಮುಗಿಯುವವರೆಗೆ ಕೂರಲಾಗದವಳು ಒಂಬತ್ತು ತಿಂಗಳು ಹೇಗೆ ಹೊರುತ್ತಾಳೆ, ಇಂಥ ಮೈಯವರು ಮಗುವಿನ ಆಸೆ ಬಿಡುವುದೇ ಲೇಸು, ಹೆತ್ತರೂ ಮಗುವಿಗೂ ಅದೇ ಕಾಯಿಲೆ, ನಾನು ಕಂಡಿಲ್ವಾ, ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ನೀವೇ ಮಗನಿಗೆ ಹೇಳಿ. ಇದಿಷ್ಟನ್ನೂ ಅತ್ತೆಯೇ ಮರುದಿನ ನನಗೆ ಫೋನಿನಲ್ಲಿ ಒಪ್ಪಿಸಿದರು. ನಾನು ಬಟ್ಟೆ ಮಡಿಸುತ್ತಿದ್ದವಳು ಹಾಗೇ ಕೂತೆ.

“ಕುಡುದ್ ಮ್ಯಾಕೆ ಸರಿಹೋಯ್ತಾ ನಿಂಗೆ?” ಎಂದರು ಅತ್ತೆ.

ಹೂಂ ಅತ್ತೆ ಎಂದೆ.

“ಅಷ್ಟೇ ಕನವ್ವ ಬೇಕಾಗಿದ್ದು. ಅವ್ನು ಗೋಪಾಲ, ಊರೋರ ಬೆಣ್ಣೆ ಕದ್ದು ತಿಂದೋನು. ಹಸ್ದು ಒಂದ್ ಬಟ್ಲು ಕುಡುದ್ಳು ಅಂತ ಅವ್ನು ಕ್ವಾಪ ಮಾಡ್ಕಂಡನಾ? ಆಯಮ್ಮುಂಗೆ ಏನ್ ಗೊತ್ತು.” ಆಮೇಲೆ, “ನಿಮ್ ಡಾಕ್ಟ್ರು ಏನಂದವ್ರೆ? ಅದ್ನ ಯೋಳು ನಂಗೆ” ಎಂದರು.

ಹೇಳಿದೆ. ಅತ್ತೆ ಮಧ್ಯೆ ಮಧ್ಯೆ ಕೇಳಿದರು, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದರು. ಸಂಜೆ ಮಗನಿಗೆ ಫೋನು ಬಂತು. ಏನು ಹೇಳಿದರೋ ನನಗೆ ತಿಳಿಯದು. ಅವನು ಬಹಳ ಹೊತ್ತು ‘ಹೂಂ ಕಣವ್ವ, ಹೂಂ’ ಎನ್ನುತ್ತ ಬಾಲ್ಕನಿಯಲ್ಲಿ ಓಡಾಡಿದ. ಒಳಗೆ ಬಂದು, ಓಕ್‌ಲ್ಯಾಂಡಿನ ಅಪಾಯಿಂಟ್‌ಮೆಂಟು ಯಾವತ್ತು, ನಾನೂ ರಜ ಹಾಕುತ್ತೇನೆ ಎಂದ.

ಆ ಪರೀಕ್ಷೆಯಲ್ಲಿ ಅಂಕಿ ಆರೂವರೆಯ ಕೆಳಗೆ ಬಂತು. ಡಾಕ್ಟರು ಎರಡು ಸಲ ನೋಡಿ, ಇನ್ನು ನೀವು ಪ್ರಯತ್ನಿಸಬಹುದು ಎಂದರು. ಮದುವೆಯಾಗಿ ವರ್ಷಗಳಾದ ಮೇಲೂ ಇಂಥ ಮಾತಿಗೆ ನನ್ನ ಗಂಡ ನಾಚಿಕೊಂಡ.

ಮುಂದಿನದು ಬೇಗ ಹೇಳುತ್ತೇನೆ. ಕೆಲವು ತಿಂಗಳಲ್ಲಿ ಬಸಿರಾದೆ. ಭಜನೆಗೆ ಹೋಗುವುದನ್ನು ತಟ್ಟನೆ ನಿಲ್ಲಿಸಿದರೆ ಸುದ್ದಿಯಾಗುತ್ತದೆ ಎಂದು ಒಂದು ಶುಕ್ರವಾರ ಹೋದೆ. ಹಣ್ಣಿನ ತಟ್ಟೆ ಬಂತು. ಚೆನ್ನಾಗಿ ಮಾಗಿದ ಪರಂಗಿಗೆ ಹೆದರಬೇಕಿಲ್ಲ ಎಂದು ಡಾಕ್ಟರನ್ನು ಮೊದಲೇ ಕೇಳಿಕೊಂಡಿದ್ದೆ. ಆಂಟಿಯ ಮುಖವನ್ನೇ ನೋಡುತ್ತ ಎರಡು ಹೋಳು ಎತ್ತಿಕೊಂಡು ತಿಂದೆ. ಅವರ ಕಣ್ಣಿನ ದೀಪ ಆರಿತು. ತಟ್ಟೆ ಮುಂದಕ್ಕೆ ಹೋಯಿತು. ನನ್ನ ಇಡೀ ಜೀವನದಲ್ಲಿ ಹಣ್ಣು ಅಷ್ಟು ರುಚಿಯೆನಿಸಿದ್ದಿಲ್ಲ. ಹೊಟ್ಟೆ ಕಾಣಿಸಿಕೊಂಡ ಮೇಲೆ ಅವರು ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮೊದಲ ಮೆಸೇಜು: ‘ನಮ್ಮ ಮನೆಯ ಸಂತಾನಗೋಪಾಲ ಪೂಜೆಯ ಫಲ.’ ಕೆಳಗೆ ಸಾಲು ಸಾಲಾಗಿ ಕೈಮುಗಿದ ಚಿತ್ರಗಳು. ಬಸಿರಿನುದ್ದಕ್ಕೂ ನಾನು ಪಟ್ಟದ್ದು ನನಗೆ ಗೊತ್ತು, ನನ್ನ ಗಂಡನಿಗೆ ಗೊತ್ತು. ಇನ್ಸುಲಿನ್ ವಾರ ವಾರ ಏರಿತು, ತಕ್ಕಡಿಯ ಬ್ಯಾಟರಿ ಸವೆಯಿತು. ಫಲ ಮಾತ್ರ ಆಂಟಿಯ ಮನೆಯ ಪೂಜೆಯದು.

ಮಗಳು ಹುಟ್ಟಿದಳು. ಆರೋಗ್ಯವಾಗಿದ್ದಳು. ನನ್ನಂಥ ತಾಯಂದಿರ ಮಕ್ಕಳಿಗೆ ಹುಟ್ಟಿದ ಕೂಡಲೇ ಸಕ್ಕರೆ ಇಳಿಯಬಹುದೆಂದು ಆಸ್ಪತ್ರೆಯಲ್ಲಿ ಅವಳ ಹಿಮ್ಮಡಿ ಚುಚ್ಚಿ ನೋಡುತ್ತಿದ್ದರು. ಮನೆಗೆ ಬಂದಾಗಲೂ ಅಲ್ಲಿ ಎಳ್ಳಿನಷ್ಟು ಕಲೆಗಳಿದ್ದವು. ಆಂಟಿ ಬಂದರು. ಸಾರಿನ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು, ಮಗುವಿನ ಮುಖ ನೋಡುವ ಮೊದಲೇ ಬಟ್ಟೆ ಸರಿಸಿ ಹಿಮ್ಮಡಿ ನೋಡಿದರು.

“ಇವಳಿಗೂ ಇದೆಯಾ?”

ಇಲ್ಲ ಎಂದೆ. ಈಗ ಇಲ್ಲ, ಮುಂದೆ ನೋಡೋಣ ಎಂಬಂತೆ ತುಟಿ ಮುಂದೆ ಮಾಡಿದರು. ಆಮೇಲೆ ಮಗುವನ್ನು ಎತ್ತಿಕೊಂಡರು. ಚೆನ್ನಾಗಿಯೇ ಎತ್ತಿಕೊಂಡರು, ಮಗು ಅವರ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಯಿತು. ಆಂಟಿ ಅದರ ನೆತ್ತಿಯನ್ನು ಮೂಸಿ ಕಣ್ಣು ಮುಚ್ಚಿದರು. ಆ ಗಳಿಗೆಯಲ್ಲಿ ಅವರು ಬಾಯಿ ತೆರೆಯದೆ ಇದ್ದಿದ್ದರೆ, ಶ್ರದ್ಧಾಂಜಲಿಯಲ್ಲಿ ನಾನೂ ಮೈಕು ಹಿಡಿದು ಏನಾದರೂ ಹೇಳುತ್ತಿದ್ದೆನೋ ಏನೋ. ಅವರು ಕಣ್ಣು ತೆರೆದು ನನ್ನ ಗಂಡನ ಕಡೆ ನೋಡಿ ನಕ್ಕರು.

“ನಾನು ಹೇಳ್ಲಿಲ್ವಾ, ಆಗತ್ತೆ ಅಂತ?”

ಗಂಡ ನನ್ನ ಕಡೆ ನೋಡಿದ. ಥ್ಯಾಂಕ್ಯೂ ನನ್ನ ಗಂಟಲಿನವರೆಗೆ ಬಂದಿತ್ತು.

“ಇಲ್ಲ ಆಂಟಿ” ಎಂದೆ. “ನೀವು ಹೇಳಲಿಲ್ಲ. ಆಗಬಾರದು ಅಂತ ಹೇಳಿದ್ರಿ. ಅತ್ತೆಗೆ ಫೋನ್ ಮಾಡಿ ಹೇಳಿದ್ರಿ.”

ದನಿ ಏರಿಸಲಿಲ್ಲ. ಮಗುವಿಗೆ ಹಾಲು ಕೊಡುವ ಹೊತ್ತಾಯಿತು ಎಂದು ಕೈ ಚಾಚಿದೆ. ಆಂಟಿಯ ಕಿವಿಯೋಲೆ ಅಲುಗಿತು, ಮುಖ ಅಲುಗಲಿಲ್ಲ. ಅವರಿಗೆ ಕೇಳಿಸಿತ್ತು. ಸೀರೆಯ ಅಂಚಿನಿಂದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನಗೆ ಕೊಟ್ಟರು. ಕೊಡುತ್ತ, “ತಲೆ ಹಿಡ್ಕೋ, ತಲೆ. ಕತ್ತು ನಿಂತಿರಲ್ಲ” ಎಂದರು.

ನಾನು ಹಿಡಿದುಕೊಂಡೇ ಇದ್ದೆ.